ನಾಲ್ಕು ಚಕ್ರದ ಗಾಳಿ

ಅಜಮತ್ ಉಲ್ಲಾನ ಎಡಗೈ ಹೆಬ್ಬೆರಳಿನ ಉಗುರಿಗೆ ಕತ್ತರಿ ತಾಗುವಂತಿರಲಿಲ್ಲ. ಉಳಿದ ಒಂಬತ್ತನ್ನು ಶುಕ್ರವಾರದ ನಮಾಜಿಗೆ ಮುಂಚೆ ಕತ್ತರಿಸಿಕೊಳ್ಳುತ್ತಿದ್ದ. ಅದೊಂದನ್ನು ಬೆಳೆಸಿದ್ದ. ಅದು ಕೋಣದ ಕೊಂಬಿನ ಬಣ್ಣಕ್ಕೆ ತಿರುಗಿ, ದಪ್ಪವಾಗಿ, ತುದಿಯಲ್ಲಿ ಚೂರು ಬಾಗಿತ್ತು. ಟೈರಿನ ವಾಲ್ವಿನೊಳಗಿನ ಸಣ್ಣ ಕಡ್ಡಿಯನ್ನು ಒತ್ತಿ ಗಾಳಿ ಇಳಿಸಲು ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ ಎನ್ನುತ್ತಿದ್ದ.

"ಆ ಉಗುರು ನೋಡಿದ್ರೆ ಊಟ ಸೇರಲ್ಲ ನಂಗೆ," ಎಂದು ಹೆಂಡತಿ ಚಾಂದ್ ಬೀ ಗೊಣಗುತ್ತಿದ್ದಳು.

"ಆ ಉಗುರಿಂದ್ಲೇ ನೀನು ಉಣ್ಣೋದು," ಎನ್ನುತ್ತಿದ್ದ ಅವನು.

ಶಿಕಾರಿಪುರದಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಪಲ್ಟನ್ ಸೇರಿ, ಯುದ್ಧದ ಕಾಲದಲ್ಲಿ ಹಡಗು ಹತ್ತಿ ಮರಳುಗಾಡಿಗೆ ಹೋಗಿ ಲಾರಿ ಓಡಿಸಿದವನು ಅವನು. ಮರಳಿನ ಮೇಲೆ ಗಾಡಿ ಹೇಗೆ ನಡೆಯಬೇಕೆಂದು ಅಲ್ಲಿ ಕಲಿತಿದ್ದ. ಯಾರಾದರೂ ಕೇಳಿದರೆ ಗದ್ದೆಯ ಲೆಕ್ಕದಲ್ಲಿ ಹೇಳುತ್ತಿದ್ದ: "ಕೆಸರಲ್ಲಿ ಹಿಮ್ಮಡಿ ಊರಿದ್ರೆ ಏನಾಗ್ತದೆ? ಮೊಣಕಾಲ್ ತನಕ ಹೋಗ್ತೀರಿ. ಅಂಗಾಲು ಪೂರಾ ಹಾಸಿ ಇಟ್ರೆ? ನಡೀತೀರಿ. ಟೈರಿಗೂ ಅಂಗಾಲು ಬೇಕ್ರೀ. ಗಾಳಿ ಇಳಿಸಿದ್ರೆ ಅದು ಅಂಗಾಲು ಹಾಸ್ತದೆ." ಆಮೇಲೆ ಒಂದು ಮಾತು ತಪ್ಪದೆ ಸೇರಿಸುತ್ತಿದ್ದ. "ಆದ್ರೆ ಮರಳು ದಾಟಿದ ಕೂಡ್ಲೇ ಮತ್ತೆ ತುಂಬಬೇಕು. ಮೆತ್ತಗಿರೋ ಟೈರು ರಸ್ತೆಗೆ ಬಂದ್ರೆ ದುಶ್ಮನ್. ತಿರುವಿನಲ್ಲಿ ಚಕ್ರದ ಕಬ್ಬಿಣ ಬಿಟ್ಟು ಕಿತ್ಕೊಂಡು ಬರ್ತದೆ."

ಯುದ್ಧ ಮುಗಿದ ಮೇಲೆ ಪಲ್ಟನ್ ಅವನನ್ನು ಮನೆಗೆ ಕಳಿಸಿತು. ಒಂದು ಕಂಬಳಿ, ಒಂದು ಲೈಸೆನ್ಸು ಜೊತೆಗೆ ಬಂದವು. ಕಂಬಳಿ ಹರಿಯಿತು. ಲೈಸೆನ್ಸನ್ನು ಸುಣ್ಣದ ಡಬ್ಬಿಯಂಥ ತಗಡಿನ ಪೆಟ್ಟಿಗೆಯಲ್ಲಿಟ್ಟು ವರ್ಷ ವರ್ಷ ಹೊಸದು ಮಾಡಿಸುತ್ತಿದ್ದ. ಮನೆಯಲ್ಲಿ ಅಂಗುಲ ನೆಲವಿರಲಿಲ್ಲ, ಬೇರೆ ಕಸುಬು ಗೊತ್ತಿರಲಿಲ್ಲ. ಮೂರು ಹೆಣ್ಣುಮಕ್ಕಳ ಅನ್ನ ಆ ಪೆಟ್ಟಿಗೆಯೊಳಗಿತ್ತು.

ಸೊರಬದ ಲೋಕಪ್ಪ ಅಕ್ಕಿ ಗಿರಣಿಯವನು. ಮಿಲಿಟರಿಯವರು ಹರಾಜು ಹಾಕಿದ ಜೀಪೊಂದನ್ನು ಕೊಂಡು ತಂದು ಅಜಮತ್ ಉಲ್ಲಾನನ್ನು ಡ್ರೈವರಾಗಿ ಇಟ್ಟುಕೊಂಡ. ಲೋಕಪ್ಪನ ಪ್ರಪಂಚದಲ್ಲಿ ಗಟ್ಟಿಯಾದದ್ದೆಲ್ಲ ಒಳ್ಳೆಯದು: ಅಕ್ಕಿ, ಅಡಿಕೆ, ದನಿ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಡಿಸಿದವರ ಮನೆತನ. ದಿನಾ ಬೆಳಿಗ್ಗೆ ಜೀಪಿನ ಟೈರನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದ. "ಟೈರಂದ್ರೆ ಟಣ್ ಅನ್ಬೇಕು ಸಾಬ್ರೆ."

"ಅಂತದ್ರಿ," ಎನ್ನುತ್ತಿದ್ದ ಅಜಮತ್ ಉಲ್ಲಾ.

ಕರ್ನಾಟಕ ಒಂದಾದ ಮರುವರ್ಷ, ಐವತ್ತೇಳರ ಮಾರ್ಚಿನಲ್ಲಿ, ಲೋಕಪ್ಪನಿಗೆ ಜೀಪನ್ನು ಸಮುದ್ರದ ನೀರಿಗೆ ಮುಟ್ಟಿಸುವ ಹುಚ್ಚು ಹಿಡಿಯಿತು. ಹೋಟೆಲಿನಲ್ಲಿ ನಾಲ್ಕು ಜನರ ಎದುರು ಹೇಳಿಬಿಟ್ಟಿದ್ದ. ಹೋಗದೆ ಬೇರೆ ದಾರಿ ಇರಲಿಲ್ಲ. ಹೆಂಡತಿ ರಾಜೇಶ್ವರಮ್ಮನನ್ನೂ ಆಕೆಯ ತಮ್ಮ ಕೆಂಪಪ್ಪನನ್ನೂ ಕೂರಿಸಿಕೊಂಡು ಘಟ್ಟ ಇಳಿದ. ಕೆಂಪಪ್ಪನಿಗೆ ಇಪ್ಪತ್ತೆರಡು. ಬಾಯಿ ಮುಚ್ಚದ ಹುಡುಗ. ದಾರಿಯುದ್ದಕ್ಕೂ ಅಕ್ಕನನ್ನು ಕಾಡಿದ. "ಸಮುದ್ರ ನೋಡಿ ಹೆದರ್ಬ್ಯಾಡ ಮಾರಾಯ್ತಿ, ಭಾವನ ಸಿಟ್ಟಿಗಿಂತ ಚಿಕ್ಕದಂತೆ ಅದು."

ಹೊನ್ನಾವರ ದಾಟಿ ಮರಳಿನ ದಂಡೆಯ ಅಂಚಿಗೆ ಬಂದಾಗ ಅಜಮತ್ ಉಲ್ಲಾ ಗಾಡಿ ನಿಲ್ಲಿಸಿ ಇಳಿದ. ಚಕ್ರದ ಮುಂದೆ ಕೂತು ವಾಲ್ವಿನ ಟೋಪಿ ಬಿಚ್ಚಿದ.

"ಏನ್ ಮಾಡ್ತೀಯ?" ಎಂದ ಲೋಕಪ್ಪ.

"ಗಾಳಿ ಇಳಿಸ್ತೀನ್ರಿ ಸಾವ್ಕಾರ್ರೆ. ಹೀಗೇ ಹೋದ್ರೆ ಹೂತ್ಕೊಳ್ತದೆ."

"ಗಟ್ಟಿ ಇರೋದನ್ನ ಮೆತ್ತಗೆ ಮಾಡ್ತಾನಂತೆ! ಮಿಲಿಟರಿ ಗಾಡಿ ಇದು. ಹತ್ತು, ಹೊಡಿ."

ಹತ್ತಿದ, ಹೊಡೆದ. ನೂರು ಗಜ ಹೋಗುವಷ್ಟರಲ್ಲಿ ಹಿಂದಿನ ಚಕ್ರಗಳು ತಮ್ಮ ಗುಂಡಿ ತಾವೇ ತೋಡಿಕೊಂಡವು. ಬಲೆ ಬಿಡಿಸುತ್ತಿದ್ದ ಹೆಂಗಸರು, ದೋಣಿಗೆ ಎಣ್ಣೆ ಬಳಿಯುತ್ತಿದ್ದ ಗಂಡಸರು ಸುತ್ತ ಬಂದು ನಿಂತರು. ಲೋಕಪ್ಪ ಪಂಚೆ ಎತ್ತಿ ಕಟ್ಟಿ ತಳ್ಳಿದ, ತಳ್ಳಿಸಿದ, ತೆಂಗಿನ ಗರಿ ಹಾಕಿಸಿದ. ಅಚ್ಚು ಮರಳಿಗೆ ತಾಗಿತು. ಅಷ್ಟರಲ್ಲಿ ನೀರು ಏರತೊಡಗಿತು. ಮೊದಲ ಅಲೆ ಮುಂದಿನ ಚಕ್ರವನ್ನು ಮುಟ್ಟಿ, ನೊರೆಯನ್ನಷ್ಟು ಅಲ್ಲೇ ಬಿಟ್ಟು ಹಿಂದಕ್ಕೆ ಹೋಯಿತು.

"ಮುಟ್ತಲ್ಲ ಭಾವ," ಎಂದ ಕೆಂಪಪ್ಪ. "ಇನ್ನು ಮನೀಗೆ ಹೋಗಣ?"

ಎಲ್ಲರೂ ನಕ್ಕರು. ಲೋಕಪ್ಪ ನಗಲಿಲ್ಲ. ಅಜಮತ್ ಉಲ್ಲಾನ ಕಡೆ ನೋಡದೆ ಕೈ ಬೀಸಿದ.

ಅಜಮತ್ ಉಲ್ಲಾ ಒಂದೊಂದೇ ಚಕ್ರದ ಮುಂದೆ ಮಂಡಿಯೂರಿದ. ಉಗುರನ್ನು ವಾಲ್ವಿನೊಳಗೆ ಇಟ್ಟು ಒತ್ತಿದ. ಗಾಳಿ ಸಿಳ್ಳೆ ಹಾಕುತ್ತ ಹೊರಬಂತು. ಅವನ ತುಟಿ ಎಣಿಸುತ್ತಿತ್ತು. ನೂರ ಇಪ್ಪತ್ತಾದಾಗ ಟೈರಿನ ತಳ ನಾಲ್ಕು ಬೆರಳಷ್ಟು ಹೊಟ್ಟೆ ಬಿಟ್ಟಿತು. ಅಂಗೈಯಿಂದ ತಟ್ಟಿ ನೋಡಿದ. ನಾಲ್ಕೂ ಆದ ಮೇಲೆ ಚಕ್ರಗಳ ಮುಂದಿನ ಮರಳನ್ನು ಕೈಯಲ್ಲೇ ಬಗೆದು ಇಳಿಜಾರು ಮಾಡಿದ. ಗಾಡಿ ಹತ್ತಿ, ನಾಲ್ಕು ಚಕ್ರಕ್ಕೂ ಎಳೆತ ಕೊಡುವ ಕೋಲನ್ನು ಹಾಕಿ, ಇಂಜಿನ್ನು ಗದ್ದಲ ಮಾಡದಂತೆ ಮೆಲ್ಲಗೆ ಬಿಟ್ಟ. ಜೀಪು ಮೈ ಕೊಡವಿದ ಎಮ್ಮೆಯ ಹಾಗೆ ಎದ್ದು, ಮರಳ ಮೇಲೆ ತೇಲಿದಂತೆ ಬಂದು ರಸ್ತೆಯ ಅಂಚಿಗೆ ನಿಂತಿತು.

"ಗಾಳಿ ತೆಗ್ದು ಗಾಡಿ ತೆಗ್ದ್ರಲ್ಲ ಸಾಬ್ರು!" ಎಂದು ಒಬ್ಬ ಮುದುಕ ಕೂಗಿದ. "ಒಡೇರು ಬೆವರಿದ್ದೇ ಬಂತು!"

ಮತ್ತೆ ನಗು. ರಾಜೇಶ್ವರಮ್ಮನೂ ಸೆರಗಿನೊಳಗೆ ನಕ್ಕಳು. ಲೋಕಪ್ಪ ಅದನ್ನು ನೋಡಿದ.

ಅಜಮತ್ ಉಲ್ಲಾ ಸೀಟಿನ ಕೆಳಗಿನಿಂದ ಪಂಪು ಎಳೆದ. "ಅರ್ಧ ಗಂಟೆ ಸಾವ್ಕಾರ್ರೆ, ಗಾಳಿ ಹೊಡೆದ್ಬಿಡ್ತೀನಿ."

"ಇಲ್ಲಿ ಬ್ಯಾಡ," ಎಂದ ಲೋಕಪ್ಪ. ಇನ್ನರ್ಧ ಗಂಟೆ ಆ ಜನರ ನಗುವಿನ ನಡುವೆ ನಿಲ್ಲಲು ಅವನು ತಯಾರಿರಲಿಲ್ಲ. "ಮುಂದೆ ಹೊಡ್ಕೋ."

ಮುಂದೆ ಒಂದು ತೆಂಗಿನ ತೋಟದ ನೆರಳಿನಲ್ಲಿ ಅಜಮತ್ ಉಲ್ಲಾ ಗಾಡಿ ನಿಧಾನಿಸಿದ. "ಇಲ್ಲಿ ಹೊಡೀಲೇನ್ರಿ?"

"ಮುಂದೆ ಅಂದ್ನಲ್ಲ."

ಘಟ್ಟದ ಬುಡದಲ್ಲಿ, ಮೊದಲ ತಿರುವಿಗೆ ಮುಂಚೆ, ಅವನು ಗಾಡಿಯನ್ನು ನಿಲ್ಲಿಸಿಯೇ ಬಿಟ್ಟ. ಸಮುದ್ರ ಹತ್ತಾರು ಮೈಲಿ ಹಿಂದೆ ಉಳಿದಿತ್ತು. ಕಾಡು ಎಷ್ಟು ಸುಮ್ಮನಿತ್ತೆಂದರೆ ಇಂಜಿನ್ನು ಆರಿಸಿದಾಗ ಬಿಸಿ ಕಬ್ಬಿಣ ಟಿಕ್ ಟಿಕ್ ಎನ್ನುವುದು ಕೇಳಿಸಿತು.

"ಸಾವ್ಕಾರ್ರೆ, ಘಾಟಿ ಇದು. ಈ ಟೈರಿನ ಮೇಲೆ ಹತ್ತಬಾರದ್ರಿ. ಕಿತ್ಕೊಂಡು ಬರ್ತದೆ. ನಿಮ್ಮ ಕಾಲು ಹಿಡೀತೀನಿ."

ಲೋಕಪ್ಪನ ಮುಖ ಇನ್ನೂ ಕೆಂಪಗಿತ್ತು. "ಬೆಳಿಗ್ಗಿಂದ ನಿನ್ನ ಪಾಠ ಕೇಳಿ ಸಾಕಾಗ್ಯದೆ. ಗಾಡಿ ಯಾರದು?"

"ನಿಮ್ದೇ ಧಣಿ."

"ಹಂಗಾದ್ರೆ ಹೊಡಿ. ಇಲ್ಲಾ ಇಲ್ಲೇ ಇಳ್ಕೊಂಡು ಶಿಕಾರಿಪುರಕ್ಕೆ ನಡ್ಕೊಂಡು ಹೋಗು. ನಾನೇ ಹೊಡೀತೀನಿ."

ರಾಜೇಶ್ವರಮ್ಮ ಹಿಂದಿನ ಸೀಟಿನಲ್ಲಿ, ಅವರಿಬ್ಬರಿಗೂ ಒಂದು ಮೊಳ ದೂರದಲ್ಲಿ ಕೂತಿದ್ದಳು. ಕೆಂಪಪ್ಪ ಹಿಂದಿನ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ದಂಡೆಯಲ್ಲಿ ಆಯ್ದುಕೊಂಡ ಬೆಂಡೋಲೆಯಂಥ ಕಪ್ಪೆಚಿಪ್ಪುಗಳನ್ನು ಎಣಿಸುತ್ತಿದ್ದ.

ಲೋಕಪ್ಪನಿಗೆ ಗಾಡಿ ಹೊಡೆಯುವುದು ಅರ್ಧ ಬರುತ್ತಿತ್ತು. ಅವನ ಕೈಗೆ ಘಟ್ಟವನ್ನು ಕೊಡುವುದಕ್ಕಿಂತ ತಾನೇ ಎತ್ತಿನ ನಡಿಗೆಯಲ್ಲಿ ಹತ್ತಿಸಬಹುದೆಂದು ಅಜಮತ್ ಉಲ್ಲಾ ಎಣಿಸಿದ. ಮೂರು ಹೆಣ್ಣುಮಕ್ಕಳೂ ನೆನಪಾಗಿರಬೇಕು. ಇಂಜಿನ್ನು ಚಾಲೂ ಮಾಡಿದ. ಅವನ ತಪ್ಪು ಅದೊಂದೇ, ಆದರೆ ಅದು ತಪ್ಪೇ.

ಏಳನೇ ತಿರುವಿನಲ್ಲಿ ಮುಂದಿನ ಎಡ ಟೈರು ಕಬ್ಬಿಣದಿಂದ ಕಳಚಿತು. ಜೀಪು ಬದಿಯ ಕಲ್ಲಿಗೆ ಬಡಿದು, ನಿಂತೇ ಹೋಯಿತೆನ್ನುವಾಗ ಪಕ್ಕಕ್ಕೆ ಮಗುಚಿತು. ಲೋಕಪ್ಪನ ಹಲ್ಲು ಮುರಿಯಿತು. ಅಜಮತ್ ಉಲ್ಲಾನ ಎಡ ಭುಜದ ಮೂಳೆ ಹೋಯಿತು. ರಾಜೇಶ್ವರಮ್ಮನಿಗೆ ಏನೂ ಆಗಲಿಲ್ಲ. ಕೆಂಪಪ್ಪ ಗಾಡಿಯ ಕೆಳಗಿದ್ದ. ಅವನನ್ನು ತೆಗೆಯುವ ಹೊತ್ತಿಗೆ ಮುಷ್ಟಿಯಲ್ಲಿ ಒಂದು ಚಿಪ್ಪು ಉಳಿದಿತ್ತು.

ಪೊಲೀಸು ಇನ್ಸ್‌ಪೆಕ್ಟರು ಬಂದು ಸರಿಯಿದ್ದ ಮೂರು ಟೈರುಗಳನ್ನು ಬೂಟಿನಿಂದ ಒತ್ತಿ ನೋಡಿದರು. ಮೂರೂ ಮೆತ್ತಗಿದ್ದವು.

"ಯಾರು ಗಾಳಿ ಇಳಿಸಿದ್ದು?"

"ನಾನೇ ಸಾಹೇಬ್," ಎಂದ ಅಜಮತ್ ಉಲ್ಲಾ. ಸುಳ್ಳು ಹೇಳುವ ಕಾರಣ ಅವನಿಗೆ ಕಾಣಲಿಲ್ಲ.

"ನಾಲ್ಕಕ್ಕೂ? ಬೇಕು ಅಂತ?"

"ಹೌದು ಸಾಹೇಬ್. ಮರಳಿಗೆ."

"ಇಲ್ಲಿ ಮರಳೆಲ್ಲಿದೆಯಪ್ಪ?"

ಅವನು ಲೋಕಪ್ಪನ ಕಡೆ ನೋಡಿದ. ಲೋಕಪ್ಪ ಬಾಯಿಯ ರಕ್ತ ಒರೆಸಿಕೊಂಡು ಹೇಳಿದ: "ತುಂಬು ಅಂತ ಬಡ್ಕೊಂಡೆ ಸ್ವಾಮಿ. ಕೈ ನೋಯ್ತದೆ, ಊರಿಗೆ ಹೋಗಿ ಹೊಡೀತೀನಿ ಅಂದ."

ಮೊಕದ್ದಮೆಗೆ ಮುಂಚೆ ಚಾಂದ್ ಬೀ ಕಿರಿಯ ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿ ಸೊರಬಕ್ಕೆ ಹೋದಳು. ಲೋಕಪ್ಪ ಗಿರಣಿಗೆ ಹೋದದ್ದನ್ನು ನೋಡಿಕೊಂಡು ಹಿತ್ತಲ ಬಾಗಿಲಿಗೆ ಬಂದಳು.

"ಅಮ್ಮಾರೆ, ಹೆಚ್ಚಿಗೆ ಏನೂ ಬ್ಯಾಡ್ರಿ. ನಡೆದದ್ದು ಹೇಳ್ರಿ. ಮೂರು ಸಲ ಕೇಳಿದ್ರಂತೆ ನಮ್ಮವ್ರು. ಲೈಸೆನ್ಸ್ ಹೋದ್ರೆ ನಾವು ಉಣ್ಣೋದೆಲ್ಲಿ?"

ರಾಜೇಶ್ವರಮ್ಮ ಕಂಬಕ್ಕೆ ಒರಗಿದಳು. ಆಕೆಗೆ ಆಗ ಮೂರು ತಿಂಗಳು. "ನಾನು ಹಂಗೆ ಹೇಳಿದ್ರೆ ಜೈಲಿಗೆ ಹೋಗೋರು ಯಾರು ಚಾಂದ್ ಬೀ?"

"ನಿಮ್ಮ ತಮ್ಮ ಅಲ್ವೇನ್ರಿ ಅದು?"

"ತಮ್ಮ ಹೋದ. ಇನ್ನು ಇವ್ರೂ ಹೋಗ್ಲೇನು?" ಎಂದಳು ಆಕೆ. ಒಳಗೆ ಹೋಗಿ ಮೊರದ ತುಂಬ ಅಕ್ಕಿ ತಂದಳು. ಚಾಂದ್ ಬೀ ಸ್ವಲ್ಪ ಹೊತ್ತು ಆ ಅಕ್ಕಿಯನ್ನು ನೋಡಿದಳು. ಸೊಂಟದ ಮೇಲಿನ ಮಗು ಆಗಲೇ ಕೈ ಚಾಚಿತ್ತು. ಅವಳು ಸೆರಗು ಒಡ್ಡಿದಳು.

ಕೋರ್ಟಿನಲ್ಲಿ ಯಾರೂ ಹೆಚ್ಚು ಸುಳ್ಳು ಹೇಳಬೇಕಾಗಲಿಲ್ಲ. ದಂಡೆಯ ಮುದುಕ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದ: ಹೌದು, ಈ ಸಾಬರೇ ಕೂತು ನಾಲ್ಕೂ ಚಕ್ರದ ಗಾಳಿ ಇಳಿಸಿದರು. ಹೌದು, ಉಗುರಿನಿಂದ. ಅದಕ್ಕೆಂದೇ ಬೆಳೆಸಿದ ಉಗುರು. ತುಂಬಿದ್ದನ್ನು ಮಾತ್ರ ನೋಡಲಿಲ್ಲ. ಮ್ಯಾಜಿಸ್ಟ್ರೇಟರು ಕೈ ತೋರಿಸಲು ಹೇಳಿದರು. ಅಜಮತ್ ಉಲ್ಲಾ ಎಡಗೈ ಎತ್ತಿದ. ಕೋರ್ಟಿನ ಜನ ಬಗ್ಗಿ ಬಗ್ಗಿ ಆ ಉಗುರನ್ನು ನೋಡಿದರು.

ಕೊನೆಗೆ ರಾಜೇಶ್ವರಮ್ಮ ಕಟಕಟೆಗೆ ಬಂದಳು.

"ಘಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ಗಾಳಿ ತುಂಬಲು ಅಪ್ಪಣೆ ಕೇಳಿದೆ ಅಂತಾನೆ ಆಪಾದಿತ. ನಿಮಗದು ಕೇಳಿಸಿತೇ?" ಎಂದರು ಮ್ಯಾಜಿಸ್ಟ್ರೇಟರು.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇಲ್ರಿ. ಏನೂ ಕೇಳಿಸ್ಲಿಲ್ಲ. ಸಮುದ್ರದ ಸದ್ದಿತ್ತು."

ಘಟ್ಟದ ಬುಡದಲ್ಲಿ ಯಾವ ಸಮುದ್ರ ಎಂದು ಯಾರೂ ಕೇಳಲಿಲ್ಲ. ಬರೆಯುವವನು ಬರೆದುಕೊಂಡ. ಅಜಮತ್ ಉಲ್ಲಾ ತಲೆಯೆತ್ತಿ ಆಕೆಯನ್ನೊಮ್ಮೆ ನೋಡಿದ. ಆಕೆ ಕಿಟಕಿಯ ಕಡೆ ನೋಡುತ್ತಿದ್ದಳು.

ಹದಿನೆಂಟು ತಿಂಗಳ ಸಜೆಯಾಯಿತು. ಲೈಸೆನ್ಸು ರದ್ದಾಯಿತು, ಮತ್ತೆ ಕೊಡಕೂಡದೆಂದು ಷರಾ ಬರೆದರು. ಜೈಲಿನಲ್ಲಿ ಮೊದಲ ದಿನವೇ ವಾರ್ಡರು ಆ ಉಗುರನ್ನು ಬುಡದವರೆಗೆ ಕತ್ತರಿಸಿ ಹಾಕಿದ. ಅದು ಬೆಳೆಯಲು ನಾಲ್ಕು ವರ್ಷ ಹಿಡಿದಿತ್ತು.

ಐವತ್ತೊಂಬತ್ತರ ಮೊದಲಿಗೆ ಅವನು ಶಿಕಾರಿಪುರಕ್ಕೆ ವಾಪಸು ಬಂದ. ಭುಜ ಒಂದು ಕಡೆ ಇಳಿದಿತ್ತು. ದೊಡ್ಡ ಮಗಳು ಬೀಡಿ ಕಟ್ಟುತ್ತಿದ್ದಳು. ನಡುವಿನವಳು ಹಿಂದಿನ ಮಳೆಗಾಲದ ಜ್ವರದಲ್ಲಿ ಹೋಗಿದ್ದಳು. ಜೈಲಿಗೆ ಬರೆಸಿ ಹಾಕಿದ ಕಾಗದ ಅವನಿಗೆ ಮುಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಚಾಂದ್ ಬೀಯ ಅಣ್ಣನ ಸೈಕಲ್ ಅಂಗಡಿಯಿತ್ತು. ಅಲ್ಲಿ ಪಂಪು ಹೊಡೆಯಲು ಕೂತ. ಬಲಗೈಯಲ್ಲೇ ಹೊಡೆಯಬೇಕಿತ್ತು. ಊರಿನ ಪಡ್ಡೆ ಹುಡುಗರು "ಇಳ್ಸೋದೋ, ತುಂಬೋದೋ ಸಾಬ್ರೆ?" ಎಂದು ಕೇಳಿ ನಗುತ್ತಿದ್ದರು. "ತುಂಬೋದಪ್ಪ," ಎನ್ನುತ್ತಿದ್ದ. ಉಗುರನ್ನು ಮತ್ತೆ ಬೆಳೆಸಲಿಲ್ಲ. ಶುಕ್ರವಾರ ಹತ್ತನ್ನೂ ಕತ್ತರಿಸಿಕೊಳ್ಳುತ್ತಿದ್ದ.

ಅದೇ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ, ಒಂದು ಮಧ್ಯಾಹ್ನ, ಆ ಜೀಪು ಬಂದು ಅಂಗಡಿಯ ಮುಂದೆ ನಿಂತಿತು. ಹೊಸ ಬಣ್ಣ ಬಳಿದಿದ್ದರು. ಹೊಸ ಡ್ರೈವರು ಇಳಿದು, "ಮುಂದಿನ ಎಡದ್ದು ಸ್ವಲ್ಪ ಕಮ್ಮಿಯಾಗದೆ, ಹೊಡೀರಿ," ಎಂದ. ಅವನಿಗೆ ಯಾರ ಗುರುತೂ ಇರಲಿಲ್ಲ. ಮುಂದೆ ಲೋಕಪ್ಪ ಕೂತಿದ್ದ. ಹಿಂದೆ ರಾಜೇಶ್ವರಮ್ಮ, ತೊಡೆಯ ಮೇಲೆ ಎರಡು ತುಂಬಿದ ಗಂಡುಮಗು.

"ಕೆಂಪಪ್ಪ, ಕೈ ಒಳಗಿಟ್ಕೋ," ಎಂದು ಆಕೆ ಮಗುವಿಗೆ ಹೇಳಿದಳು. ಆಮೇಲೆ ಪಂಪಿನ ಮೇಲೆ ಬಾಗಿದವನ ಮುಖ ನೋಡಿ ಮಗುವನ್ನು ತನ್ನತ್ತ ಎಳೆದುಕೊಂಡಳು.

ಲೋಕಪ್ಪ ಕಟ್ಟಿಸಿದ ಹಲ್ಲು ತೋರಿಸಿ ನಕ್ಕ. "ಓಹೋ, ಸಾಬ್ರು! ಗಟ್ಟಿ ಹೊಡೀರಿ, ನಿಮ್ಮ ಹಳೇ ಚಾಳಿ ತೋರಿಸ್ಬ್ಯಾಡ್ರಿ."

ಅಜಮತ್ ಉಲ್ಲಾ ಹೊಡೆದ. ಪ್ರತಿ ಸಲ ಪಂಪು ಇಳಿಯುವಾಗ ಅವನ ಎದೆಯಿಂದಲೂ ಒಂದು ಸದ್ದು ಬರುತ್ತಿತ್ತು. ಮಗು ಅದನ್ನು ಅಣಕಿಸಿ ಹ್ಞಾ, ಹ್ಞಾ ಎಂದಿತು. ಟೈರು ನೆಲದಿಂದ ಮೆಲ್ಲಗೆ ಎದ್ದಿತು. ಕೊಳವೆ ತೆಗೆದು, ವಾಲ್ವಿನ ಬಾಯಿಗೆ ಹೆಬ್ಬೆರಳು ಮುಚ್ಚಿ ಒಂದು ಗಳಿಗೆ ಹಾಗೇ ಕೂತ. ಆಮೇಲೆ ಟೋಪಿಯನ್ನು ಹಾಕಿ, ಎರಡು ಸಲ ತಿರುಗಿಸಿ ಬಿಗಿ ಮಾಡಿದ. ಬೆರಳ ಗೆಣ್ಣಿನಿಂದ ಟೈರನ್ನು ಕುಟ್ಟಿದ. ಅದು ಟಣ್ ಎಂದಿತು.

"ಕೇಳಿಸ್ತೇನ್ರಿ, ಅಮ್ಮಾರೆ?" ಎಂದ.

ರಾಜೇಶ್ವರಮ್ಮನ ಕೈ ಮಗುವಿನ ತಲೆಯ ಮೇಲೆ ನಿಂತಿತು. ಬಸ್‌ಸ್ಟ್ಯಾಂಡಿನಲ್ಲಿ ಸದ್ದು ಮಾಡಲು ಆಗ ಯಾವ ಬಸ್ಸೂ ಇರಲಿಲ್ಲ.

"ಕೇಳಿಸ್ತು," ಎಂದಳು.

"ಅವಳ್ನೇನು ಕೇಳ್ತೀಯ? ನನ್ನ ಕೇಳು," ಎಂದ ಲೋಕಪ್ಪ. "ನಡೀಲಿ ಗಾಡಿ."

ಜೀಪು ಸೊರಬದ ರಸ್ತೆಗೆ ತಿರುಗಿತು. ಅಜಮತ್ ಉಲ್ಲಾ ಕೊಳವೆಯನ್ನು ಪಂಪಿಗೆ ಸುತ್ತುತ್ತಿರುವಾಗ ತಾಳಗುಂದದ ಕಡೆಯ ರೈತನೊಬ್ಬ ಸೈಕಲ್ ತಂದು ನಿಲ್ಲಿಸಿದ. ಹಿಂದಿನ ಚಕ್ರ ಪೂರಾ ಕೂತಿತ್ತು. ಅಜಮತ್ ಉಲ್ಲಾ ಸುತ್ತಿದ್ದನ್ನು ಬಿಚ್ಚಿ, ಪಂಪಿನ ಮೇಲೆ ಕಾಲಿಟ್ಟ.