ಕುರಿಪುರಿಯ ಸಭೆಯಲ್ಲಿ ನಾನೂ ಇದ್ದೆ

ನಮ್ಮಕ್ಕನ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಟಗರೊಂದು ತುಳಿದು ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಬೋಳು ಬೆರಳಿನಿಂದಲೇ ಅವಳು ಮಣ್ಣಿನ ಮೇಲೆ ಒಂದು ದೇಶದ ಗಡಿ ಎಳೆಯುತ್ತಿದ್ದಳು. ಆ ದೇಶವನ್ನು ಕಂಡವರು ಇಬ್ಬರೇ, ಅವಳು ಮತ್ತು ನಾನು. ಅದು ಇದೆ ಎಂದು ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮಿಕ್ಕದ್ದು ಬರೆಯುವುದು ಸುಲಭ.

ನಾನು ಓದಿದ್ದು ಐದನೆಯ ತರಗತಿ, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಕೊಳ್ಳೇಗಾಲದ ಕಡೆಗೆ ಮದುವೆಯಾಗಿ ಬಂದ ಮೇಲೆ, ನನ್ನ ಮಗಳ ಒಂದನೆಯ ತರಗತಿಯ ಪುಸ್ತಕ ನೋಡಿಕೊಂಡು. ಅಕ್ಕ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಧರ್ಮಪುರಿ ಸೀಮೆಯ ಒಣಭೂಮಿಯಲ್ಲಿ ನಮ್ಮದು ಕನ್ನಡ ಮಾತಾಡುವ, ಕುರಿ ಮೇಯಿಸುವ ಮನೆ. ಕುರಿ ಅವಳದು, ಅವಳ ಹಿಂದೆ ನಾನು. ಅವಳಿಗೆ ಹದಿನೇಳು, ನನಗೆ ಹತ್ತು.

ದೇಶದ ಹೆಸರು ಕುರಿಪುರಿ. "ಧರ್ಮಕ್ಕೆ ಒಂದು ಪುರಿ ಐತೆ, ಕುರಿಗ್ಯಾಕೆ ಇರಬಾರ್ದು?" ಎನ್ನುತ್ತಿದ್ದಳು. ಅದಕ್ಕೆ ಒಂದು ಬೆಟ್ಟ, ಒಂದು ನದಿ, ಒಂದು ಸಮುದ್ರ. ನದಿ ಶುಕ್ರವಾರ ಮಾತ್ರ ಹರಿಯುತ್ತಿತ್ತು, ಎಣ್ಣೆ ನೀರು ಹಾಕಿಕೊಳ್ಳುವವರಿಗಾಗಿ. ಅಕ್ಕ ಸಮುದ್ರ ನೋಡಿರಲಿಲ್ಲ. ಬಸ್ಸಿನ ಕಿಟಕಿಯಿಂದ ಒಮ್ಮೆ ಮೆಟ್ಟೂರಿನ ಅಣೆಕಟ್ಟೆಯ ನೀರು ನೋಡಿದ್ದಳು, ಅಷ್ಟೆ. ಅದನ್ನು ಅವಳು ದೇಶದ ನಟ್ಟನಡುವೆ ಇಟ್ಟಳು.

"ಸಮುದ್ರ ಅಂಚಿನಾಗಿರ್ತದೆ ಅಂತ ನಮ್ಮ ಟೀಚರ್ ಏಳವ್ರೆ," ಎಂದೆ.

"ನಿಮ್ ಟೀಚರ್ ಕುರಿ ಕಾದವ್ಳಾ? ಅಂಚಿನಾಗಿಟ್ರೆ ಕುರಿ ಬಿದ್ದೋಗ್ತವೆ ಲೇ ಕುಟ್ಟಿ."

ಸುಗ್ಗಿ ಮುಗಿದ ಮೇಲೆ ರೈತರು ಗೊಬ್ಬರಕ್ಕಾಗಿ ನಮ್ಮ ಮಂದೆಯನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಮೂರು ದಿನ ಒಬ್ಬರ ಹೊಲ, ಆಮೇಲೆ ಇನ್ನೊಬ್ಬರದು. ಮಂದೆ ಎದ್ದರೆ ದೇಶವೂ ಏಳುತ್ತಿತ್ತು; ಬೆಟ್ಟ ಸಮುದ್ರ ಎಲ್ಲವನ್ನೂ ಹೊಸ ಹೊಲದಲ್ಲಿ ಮತ್ತೆ ಗೀಚಬೇಕು. ಒಮ್ಮೆ ಓಟಿನ ಪಟ್ಟಿ ಬರೆಯುವವರು ಬಂದು ಯಾವ ಊರಮ್ಮ ಎಂದು ಕೇಳಿದಾಗ ಅಕ್ಕ ಸ್ವಲ್ಪವೂ ಅಳುಕದೆ, "ಕುರಿಪುರಿ ಸಾರ್. ಇವತ್ತು ಅದಿಯಮಾನ್‌ಕೋಟೆ ತಾವ ಐತೆ, ನಾಳಿಕ್ಕೆ ನಂಗೂ ಗೊತ್ತಿಲ್ಲ," ಎಂದಳು. ಆತ ಬರೆದುಕೊಂಡು, ಆಮೇಲೆ ತಲೆ ಕೆರೆದುಕೊಂಡು, ಹೊಡೆದುಹಾಕಿದ.

ಸರ್ಕಾರ ಮಾತ್ರ ಬಹಳ ಕಟ್ಟುನಿಟ್ಟಿನದು. ರಾಜ ಒಂದು ಟಗರು. ಪ್ರತಿ ವರ್ಷ ಹೊಸ ರಾಜ, ಏಕೆಂದರೆ ಹಳೆಯವನನ್ನು ಆಡಿ ತಿಂಗಳ ಹಬ್ಬಕ್ಕೆ ಕಡಿಯುತ್ತಿದ್ದರು. ನಾನು ಅತ್ತರೆ ಅಕ್ಕ, "ಹಬ್ಬಕ್ಕೆ ಸಾರಾಗ್ತೀನಿ ಅಂತ ತಿಳಿದವ್ನು ಮೆರೆಯಾಕಿಲ್ಲ. ಮನುಷ್ಯರ ರಾಜ್ಯಕ್ಕೆ ಇದೊಂದು ಕಾನೂನು ಬರ್ಲಿಲ್ಲ ನೋಡು," ಎನ್ನುತ್ತಿದ್ದಳು. ಹುಣಸೆ ಮರದ ಕೆಳಗೆ ಸಭೆ. ಸದಸ್ಯರು ನಾವಿಬ್ಬರೇ. ಇಬ್ಬರೂ ಕೈ ಎತ್ತಬೇಕು, ರಾಜ ಎದ್ದು ಹೋಗಬಾರದು. ಆಗ ಕಾನೂನು ಪಾಸು. ರಾಜ ಸೀನಿದರೆ ಮುಂದಿನ ಸಭೆಗೆ. ಮಂದೆಗೆ ಸೊಳ್ಳೆ ಕಚ್ಚಬಾರದು ಎಂಬ ಕಾನೂನು ನಾಲ್ಕು ಸಲ ಸೀನಿಗೆ ಬಿದ್ದುಹೋಯಿತು.

ಆ ವರ್ಷ ಅಪ್ಪ ಒಂದು ಸಾವಿಗೆಂದು ನಾಲ್ಕು ದಿನ ಮೆಟ್ಟೂರಿನ ಕಡೆ ಹೋದ. ಹೋಗುವಾಗ, ಕೆರೆ ಕೆಳಗಿನ ದೊಡ್ಡ ಹೊಲದ ಯಜಮಾನರಿಗೆ ಮಾತು ಕೊಟ್ಟಿದ್ದೇನೆ, ಮಂದೆ ಅಲ್ಲಿಗೆ ಹೊಡೆಯಿರಿ ಎಂದು ಹೇಳಿದ್ದ. ಅಕ್ಕ ಸಭೆ ಕರೆದಳು.

"ಆವಯ್ಯನ ಕೊಟ್ಟಿಗೇಲಿ ಎಂಟು ದನ ಅವೆ, ಗೊಬ್ಬರಕ್ಕೇನು ಬರ? ಆ ಕಡೇ ಮನೆ ಅಜ್ಜೀಗೆ ಒಂದು ಆಡೂ ಇಲ್ಲ. ದನ ಇಲ್ದೋರ್ಗೆ ಮೊದ್ಲು. ಏನಂತೀಯ?"

"ಅಪ್ಪ ಮಾತು ಕೊಟ್ಟೈತಲ್ಲಕ್ಕ?"

"ಕೊಟ್ಟಿದ್ದು ಅಪ್ಪ. ಕುರಿಪುರಿ ಕೊಟ್ಟೈತಾ?"

ಅವಳು ಕೈ ಎತ್ತಿದಳು. ನಾನೂ ಎತ್ತಿದೆ. ರಾಜ ಮೆಲುಕು ಹಾಕುತ್ತಾ ಕೂತೇ ಇದ್ದ. ಮಂದೆ ಅಜ್ಜಿಯ ಅರ್ಧ ಎಕರೆಗೆ ಹೋಯಿತು.

ಅಪ್ಪ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಯಜಮಾನರು ಅಂಗಳದಲ್ಲಿ ನಿಂತರು. "ಏನಯ್ಯಾ, ಮೂರು ದಿನದಿಂದ ದಾರಿ ನೋಡ್ತಾ ಇವ್ನಿ. ನಿನ್ ಕುರಿ ಯಾವ ದೇಶಕ್ಕೋದ್ವು?"

ದೇಶ ಎಂದು ಕೇಳಿದ್ದೇ ಅಕ್ಕನ ಮುಖ ಅರಳಿತು. ಇವರಿಗೂ ಗೊತ್ತಾಗಿದೆ ಎಂದುಕೊಂಡಳೇನೋ. "ಅಜ್ಜಿ ಒಲದಾಗವೆ," ಎಂದಳು.

"ಯಾರ್ಲೇ ಏಳಿದ್ದು?" ಎಂದ ಅಪ್ಪ.

"ಸಬೆ ಏಳ್ತಪ್ಪಾ."

"ಯಾವ ಸಬೆ?"

"ಕುರಿಪುರಿ ಸಬೆ. ಕುಟ್ಟೀನ ಕೇಳು, ಅವ್ಳೂ ಕೈ ಎತ್ತವ್ಳೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನ ಕೈಯಲ್ಲಿ ಕೋಲಿತ್ತು.

"ನಂಗ್ಗೊತ್ತಿಲ್ಲಪ್ಪಾ," ಎಂದೆ. "ಯಾವ ಕುರಿಪುರೀನೂ ಇಲ್ಲ. ಅಕ್ಕ ಒಬ್ಳೇ ಕುರಿ ಜೊತೆ ಮಾತಾಡ್ಕೋತಾಳೆ."

ಅಕ್ಕ ನನ್ನನ್ನು ಬೈಯಲಿಲ್ಲ. ಅಂಗಳದ ಗೂಟಕ್ಕೆ ಕಟ್ಟಿದ್ದ ರಾಜನ ಕಡೆ ನೋಡಿದಳು. ಅವನೂ ಮುಖ ತಿರುಗಿಸಿಕೊಂಡ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಪೈತ್ಯ ಇಡಿದೈತೆ ಇವ್ಳ್ಗೆ," ಎಂದ, ಮೆಲ್ಲಗೆ. ಹುಚ್ಚಿಗೆ ತಂಪು ಒಳ್ಳೆಯದೆಂದು ಯಾರೋ ಹೇಳಿದರು. ಬೆಟ್ಟದ ಮೇಲೆ ಏರ್ಕಾಡಿನ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕಮ್ಮನ ಹತ್ತಿರ ಹದಿನೈದು ದಿನವೆಂದು ಕಳಿಸಿದರು. ಅವಳು ಮತ್ತೆ ಕುರಿಯ ಹಿಂದೆ ಹೋಗಲೇ ಇಲ್ಲ. ಕಾಫಿ ಹಣ್ಣು ಬಿಡಿಸುತ್ತಾ ಅಲ್ಲೇ ಮದುವೆಯಾದಳು, ಅಲ್ಲೇ ಹೆತ್ತಳು. ಆ ವರ್ಷ ಅಜ್ಜಿಯ ರಾಗಿ ತೆನೆ ನೋಡಲು ಪಕ್ಕದ ಊರಿನವರೂ ಬಂದರು. ಅಕ್ಕ ನೋಡಲಿಲ್ಲ.

ಮಂದೆ ನನ್ನ ಪಾಲಿಗೆ ಬಂತು. ರಾಜ ಮೊದಲ ದಿನವೇ ನನ್ನನ್ನು ಗುದ್ದಿ ಕಳ್ಳಿ ಬೇಲಿಗೆ ಎಸೆದ.

ನಂಟರ ಬಾಯಲ್ಲಿ ಮಾತ್ರ ಕುರಿಪುರಿ ಉಳಿಯಿತು. ಯಾವ ಮದುವೆಗೆ ಹೋದರೂ, "ಏನಮ್ಮ, ನಿಮ್ಮ ದೇಶದಾಗೆ ಮಳೆ ಆಯ್ತಾ?" ಅಕ್ಕ, "ಆಯ್ತು, ನಿಮ್ ತಲೆ ಮ್ಯಾಲೊಂದು ಬಿಟ್ಟು ಎಲ್ಲಾ ಕಡೆ ಹುಲ್ಲು ಬಂತು," ಎಂದು ನಮ್ಮ ಸೋದರಮಾವನ ಬೋಳುತಲೆ ನೋಡುವಳು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ.

ತಪ್ಪು ಒಪ್ಪಿಕೊಳ್ಳಲೆಂದೇ ಎಷ್ಟೋ ಸಲ ಏರ್ಕಾಡಿನ ಬಸ್ಸು ಹತ್ತಿದೆ. ತಿರುವು ತಿರುವಿಗೂ ಮಾತು ಜೋಡಿಸಿಕೊಳ್ಳುವುದು. ಮೇಲೆ ತಲುಪುವಷ್ಟರಲ್ಲಿ ಹೊಟ್ಟೆಯೊಳಗಿನದೆಲ್ಲ ಕಿಟಕಿಯ ಹೊರಗೆ, ಮಾತೂ ಅದರ ಜೊತೆಗೆ. ಅಕ್ಕ ಮೆಣಸಿನ ಸಾರು ಕುಡಿಸಿ ಮಲಗಿಸುವಳು. ಸಂಜೆಯ ಬಸ್ಸಿಗೆ ಇಳಿದು ಬರುವೆ.

ಹೋದ ವರ್ಷ ಅವಳ ಮೊಮ್ಮಗುವಿನ ಕಿವಿ ಚುಚ್ಚುವ ಶಾಸ್ತ್ರ. ಎಲೆ ಹಾಕಿ ಎಲ್ಲರೂ ಕೂತಿದ್ದೆವು. ಅಕ್ಕನ ಮಡಿಲಲ್ಲಿ ಮಗು. ಮಾವ ಮಳೆಯ ಮಾತು ಎತ್ತಿದ. ಮಗುವಿನ ತಾಯಿ, ಎಡಪ್ಪಾಡಿಯಿಂದ ಬಂದ ಅಕ್ಕನ ಸೊಸೆ, ಅದೇನು ದೇಶ ಎಂದು ಕೇಳಿದಳು.

"ನಿಂಗೆ ಯಾರೂ ಏಳಿಲ್ವಾ? ನಿಮ್ಮತ್ತೆಗೆ ಪೈತ್ಯ ಇತ್ತಮ್ಮಾ. ಕುರಿಗೆಲ್ಲ ಮಂತ್ರಿ ಪದವಿ ಕೊಟ್ಟು ಮಾತಾಡೋಳು. ಕುಟ್ಟೀನೇ ಕಣ್ಣಾರೆ ಕಂಡು ಏಳವ್ಳೆ," ಎಂದ ಮಾವ.

ಸೊಸೆ ನಕ್ಕಳು. ಆದರೆ ಎರಡು ನಿಮಿಷ ಬಿಟ್ಟು, ಹಾಲು ಕುಡಿಸುವ ನೆಪ ಹೇಳಿ, ಅತ್ತೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಅಕ್ಕನ ಕೈಗಳು ಹಾಗೇ ತೆರೆದುಕೊಂಡಿದ್ದವು.

ನಾನು ಎಲೆಯ ಮುಂದಿನಿಂದ ಎದ್ದೆ.

"ಮಾವಾ, ನಾನೇಳಿದ್ದು ಸುಳ್ಳು. ಆ ದೇಶ ಇತ್ತು. ಸಬೇಲಿ ನಾನೂ ಇದ್ದೆ, ಕೈಯೂ ಎತ್ತಿದ್ದೆ."

"ಅಯ್ಯೋ, ಇವ್ಳೂ ಅದೇ ಊರೋಳಾ!" ಎಂದ ಮಾವ. ಪಂಕ್ತಿಯೆಲ್ಲ ನಕ್ಕಿತು.

"ಕುತ್ಕೊಳೇ ಕುಟ್ಟಿ," ಎಂದಳು ಅಕ್ಕ, ತಲೆ ಎತ್ತದೆ. "ಸಾರು ಆರೋಯ್ತದೆ."

"ಆರ್ಲಿ," ಎಂದೆ. ಸೊಸೆಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ. "ನಿಂಗೆ ಯಾವ ಪೈತ್ಯಾನೂ ಇರ್ಲಿಲ್ಲಕ್ಕ. ಅಪ್ಪನ ಕೋಲಿಗೆ ಎದ್ರಿ ನಾನು ಸುಳ್ಳೇಳ್ದೆ. ಇಷ್ಟ್ ವರ್ಷ ಇವ್ರೆಲ್ಲ ನಗೋವಾಗ ನಾನೂ ಕೂತು ನಕ್ಕೆ. ತಪ್ಪಾಯ್ತಕ್ಕ."