ಎರಡನೇ ಭಾಗದ ಪೆನ್ಸಿಲ್ ಗೆರೆಗಳು

ಹಳೆಯ ಸಂಗೀತ ಪುಸ್ತಕಗಳ ವಿಷಯದಲ್ಲಿ ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಜಂಬ ಅನ್ನಿ, ಪರವಾಗಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಹಾಡಲು ಕೂತರೆ ನಮ್ಮ ಮನೆಯವರು ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗುತ್ತಾರೆ. ಆದರೆ ಸ್ವರ ಹಾಕಿ ಅಚ್ಚು ಮಾಡಿದ ಹಳೇ ಪುಸ್ತಕವೊಂದನ್ನು ಕೈಗೆ ಕೊಡಿ, ಮೊದಲ ಮುದ್ರಣವೋ ಆಮೇಲಿನದೋ ನಿಂತಲ್ಲೇ ಹೇಳುತ್ತೇನೆ. ಅಚ್ಚಿನ ಮೊಳೆ ಜೋಡಿಸುವವನ ಕೈ ಜಾರಿ ಮೇಲಿನ ಷಡ್ಜದ ಚುಕ್ಕೆ ಪಕ್ಕದ ಸ್ವರದ ತಲೆಯ ಮೇಲೆ ಕೂತಿದ್ದರೆ ಅದು ಮೊದಲನೆಯದು. ಎರಡನೇ ಸಲಕ್ಕೆ ಯಾರಾದರೂ ಬೈದು ಸರಿಮಾಡಿಸಿರುತ್ತಾರೆ.

ನಾನು ಹುಡುಕುತ್ತಿದ್ದದ್ದು ಮೂರು ಭಾಗಗಳ ಒಂದು ಕೀರ್ತನೆ ಸಂಗ್ರಹ. ಮೊದಲ ಭಾಗ ಶ್ರೀರಂಗಪಟ್ಟಣದ ಮನೆಯೊಂದರ ಅಟ್ಟದಲ್ಲಿ, ಹಳೇ ಪಂಚಾಂಗಗಳ ಕೆಳಗೆ ಸಿಕ್ಕಿತು. ಮೂರನೆಯದು ನಾಗಮಂಗಲದ ಟೈಲರ್ ಒಬ್ಬನ ಹತ್ತಿರವಿತ್ತು. ಕತ್ತರಿಸುವಾಗ ಬಟ್ಟೆ ಜಾರದಿರಲಿ ಎಂದು ಅದನ್ನು ಭಾರಕ್ಕೆ ಇಟ್ಟುಕೊಂಡಿದ್ದ. ಚಿನಕುರಳಿ ಕಡೆಯಿಂದ ನುಣುಪಾದ ಒಂದು ಕಲ್ಲು ತಂದುಕೊಟ್ಟೆ. ಕಲ್ಲೇ ವಾಸಿ ಅಂದ, ಪುಸ್ತಕ ಕೊಟ್ಟ. ಎರಡನೇ ಭಾಗ ಮಾತ್ರ ಹನ್ನೊಂದು ವರ್ಷ ನನ್ನನ್ನು ಆಟ ಆಡಿಸಿತು.

ಕಡೆಗೆ ಹಳೆಯ ವಿದ್ಯಾರ್ಥಿಯೊಬ್ಬ ಸುದ್ದಿ ಕೊಟ್ಟ. ಕೆ.ಆರ್. ಪೇಟೆಯ ಹತ್ತಿರದ ಹಳ್ಳಿಯಲ್ಲಿ ನಾಗಸ್ವರ ಊದುತ್ತಿದ್ದ ಹಿರಿಯರೊಬ್ಬರು ತೀರಿಕೊಂಡು ಏಳೆಂಟು ತಿಂಗಳಾಗಿದೆ, ಅವರ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇದೆ ಎಂದ. ಮಾರನೇ ದಿನವೇ ಸ್ಕೂಟರ್ ಹತ್ತಿದೆ. ಅವರ ಹೆಂಡತಿ ಪುಸ್ತಕವನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕ ಇಟ್ಟಿದ್ದರು.

"ವರ್ಸ ತುಂಬಿದ್ಮೇಲೆ ಗಂಜಾಂಗೆ ತಗಂಡೋಗಿ ಒಳೆಗೆ ಬುಡೋಣ ಅಂತ ಇದ್ದೆ ಕಣಮ್ಮ. ಸರಸ್ವತಿ ಅಲ್ವಾ, ರದ್ದಿಗೆ ಆಕಕ್ಕಾಯ್ತದಾ?"

ನಮ್ಮ ಕಡೆ ಹಾಗೇ. ಹರಿದ ಪುಸ್ತಕ, ಒಡೆದ ದೇವರ ಫೋಟೋ ಎಲ್ಲವೂ ಕಾವೇರಿಗೆ. ನಾನು ಸುಮ್ಮನಿರಲಿಲ್ಲ. ನೀರಿಗಿಂತ ನನ್ನ ಬೀರುವಿನಲ್ಲಿ ಸರಸ್ವತಿ ಸುಖವಾಗಿರುತ್ತಾಳೆ, ಬೇಕಾದಾಗ ಬಂದು ನೋಡಿ ಎಂದು ಪಾಠ ಒಪ್ಪಿಸಿದೆ. ಆಕೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. ಮನೆಗೆ ಬರುವ ದಾರಿಯಲ್ಲಿ ನಾನು ಸ್ಕೂಟರ್ ಮೇಲೇ ಹಾಡಿಕೊಂಡೆ, ಕೇಳುವವರಿಲ್ಲವೆಂಬ ಧೈರ್ಯದಲ್ಲಿ.

ಪುಸ್ತಕ ಅಚ್ಚಿನಿಂದ ಇಳಿದಾಗ ಹೇಗಿತ್ತೋ ಹಾಗೇ ಇರಬೇಕು ಎಂಬುದು ನನ್ನ ಹಟ. ಯಾರ ಸಹಿ, ಯಾರ ಗೀಚು ಇದ್ದರೂ ಅಳಿಸಿಬಿಡುತ್ತೇನೆ. ಇದರಲ್ಲಂತೂ ಸ್ವರಗಳ ನಡುವೆ ಸಣ್ಣ ಸಣ್ಣ ಪೆನ್ಸಿಲ್ ಗೆರೆಗಳು ಪುಟಪುಟಕ್ಕೂ ಇದ್ದವು. ಮೆತ್ತನೆಯ ರಬ್ಬರು ಹಿಡಿದು ಎರಡು ವಾರ ಕೂತು, ಒಂದನ್ನೂ ಬಿಡದೆ ಉಜ್ಜಿ ತೆಗೆದೆ. ಮೂರೂ ಭಾಗಗಳನ್ನು ಸಾಲಾಗಿ ನಿಲ್ಲಿಸಿ ಮನೆಯವರನ್ನು ಕರೆದು ತೋರಿಸಿದೆ.

ನಾಲ್ಕು ತಿಂಗಳಾದ ಮೇಲೆ ಆ ಹಿರಿಯರ ಮಗ ಬಂದ. ಹಾಲಿನ ಡೈರಿಯಲ್ಲಿ ಕೆಲಸ, ಜೊತೆಗೆ ನಾಗಸ್ವರ. ಪುಸ್ತಕ ವಾಪಸು ಕೇಳಲು ಬಂದಿರಲಿಲ್ಲ. ನಾಲ್ಕು ಪುಟ ಫೋನಿನಲ್ಲಿ ಫೋಟೋ ಹಿಡಿದುಕೊಂಡರೆ ಸಾಕಿತ್ತು.

"ಅಪ್ಪ ಎಲ್ಲೆಲ್ಲಿ ಉಸ್ರು ತಗತಿದ್ರೋ ಅಲ್ಲಿ ಗೆರೆ ಆಕವ್ರೆ ಮೇಡಂ. ಅವ್ರು ಕಣ್ಣಲ್ಲಿ ಸನ್ನೆ ಮಾಡೋರು, ನಾನು ಜೊತೇಲಿ ಊದ್ಕಂಡು ತುಂಬ್ಬುಡೋನು. ಈಗ ಸನ್ನೆ ಮಾಡೋರಿಲ್ಲ. ವರ್ಸ ತುಂಬ್ತು, ಬರೋ ವಾರ ದೇವಸ್ಥಾನ್ದಲ್ಲಿ ಅದೇ ಕೀರ್ತ್ನೆ ಊದ್ಬೇಕು, ನಾನೇ ಮುಂದ್ಗಡೆ ಕುಂತು."

ತರಗತಿಯಲ್ಲಿ ತಪ್ಪು ಲೆಕ್ಕ ಬಿಡಿಸಿದರೂ ಹಲಗೆಯ ಮುಂದೆ ತಲೆ ತಗ್ಗಿಸದವಳು ನಾನು. ಅವತ್ತು ತಗ್ಗಿಸಿದೆ.

"ಅಳಿಸ್ಬಿಟ್ಟಿದ್ದೀನಿ ಕಣಪ್ಪ" ಅಂದೆ.

"ಎಲ್ಲಾನೂವಾ?"

ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಮ್ಮ ಕಳಿಸಿದ್ದ ಸೀಮೆಹಸುವಿನ ಗಿಣ್ಣಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹೊರಡಲು ಎದ್ದ. ಆ ಡಬ್ಬಿ ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು, ನನ್ನ ಮೇಲೆಯೇ. "ಕೂತ್ಕೊ" ಎಂದು ಗದರಿದೆ, ಟೀಚರಮ್ಮನ ದನಿಯಲ್ಲಿ. ಕೂತ.

ಉತ್ತರ ಪತ್ರಿಕೆಯಲ್ಲಿ ಅಳಿಸಿ ತಿದ್ದಿದ ಮಕ್ಕಳನ್ನು ನಾನು ಎಷ್ಟು ಹಿಡಿದಿಲ್ಲ! ಹಾಳೆಯನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿದರೆ ಪೆನ್ಸಿಲ್ ಒತ್ತಿದ ಗುರುತು ತಾನಾಗಿ ಕಾಣುತ್ತದೆ. ಬೆಳಗಿನ ಬಿಸಿಲಿಗೆ ಪುಟವನ್ನು ಓರೆ ಮಾಡಿದೆ. ಪುಣ್ಯಾತ್ಮರು ಒತ್ತಿ ಬರೆಯುವ ಕೈಯವರು. ಸ್ವರಗಳ ನಡುವೆ ಒಂದೊಂದೇ ತಗ್ಗು ಎದ್ದು ಬಂತು. ಅವನು ಬೆರಳಿಟ್ಟು ತೋರಿಸಿದ, ನಾನು ಗೆರೆ ಹಾಕಿದೆ. ಹಳೇ ಪುಸ್ತಕದ ಮೇಲೆ ನಾನು ಪೆನ್ಸಿಲ್ ಊರಿದ್ದು ಜನ್ಮದಲ್ಲಿ ಅದೇ ಮೊದಲು. ಮೂರು ಪುಟ ಮುಗಿಯಿತು. ನಾಲ್ಕನೆಯದರಲ್ಲಿ, ಕೊನೆಯ ಚರಣದ ನಡುವೆ, ಒಂದು ಕಡೆ ಏನೂ ಇಲ್ಲ. ಅಲ್ಲಿ ನಾನು ತೀರಾ ಶ್ರದ್ಧೆಯಿಂದ ಉಜ್ಜಿದ್ದೆ. ಅವನು ತೊಡೆ ತಟ್ಟುತ್ತಾ ಆ ಸಾಲನ್ನು ಮೂರು ಸಲ ಗುನುಗಿ, ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡ.

"ನಾನ್ ಇಲ್ಲಿ ತಗತೀನಿ ಬುಡಿ."

ಫೋಟೋ ಬೇಡ, ಪುಸ್ತಕವನ್ನೇ ಒಯ್ಯಿ ಎಂದು ಅದೇ ಹಳದಿ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಬೀರುವಿನಲ್ಲಿ ಈಗ ಒಂದು, ಮೂರು. ಬಂದವರು ನಡುವಿನ ಜಾಗ ನೋಡಿ ಕೇಳಿದರೆ, ಎರಡನೆಯದು ಕೆಲಸಕ್ಕೆ ಹೋಗಿದೆ ಅನ್ನುತ್ತೇನೆ.

ಮುಂದಿನ ವಾರ ದೇವಸ್ಥಾನದಲ್ಲಿ ಆ ತಾಯಿಯ ಪಕ್ಕದಲ್ಲೇ ಕೂತೆ. ಅವನು ಮುಂದೆ, ಚಿಕ್ಕಪ್ಪನ ಮಗ ಜೊತೆಗೆ. ಪುಸ್ತಕ ಎದುರಿಗೆ ತೆರೆದಿತ್ತು. ಗೆರೆ ಬಂದಲ್ಲೆಲ್ಲ ಅವನು ಬಿಟ್ಟ, ಜೊತೆಯವನು ಹಿಡಿದ, ನಾದ ಎಲ್ಲೂ ಕಡಿಯಲಿಲ್ಲ. ತಾಯಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕೊನೆಯ ಚರಣದಲ್ಲಿ ಅವನು ತಾನೇ ಹಾಕಿದ ಗೆರೆಗೆ ಉಸಿರು ಎಳೆದುಕೊಂಡ. ಆಕೆ ತಟ್ಟನೆ ಕಣ್ಣು ಬಿಟ್ಟು ನನ್ನ ಕಡೆ ಬಾಗಿದರು.

"ಇದೊಂದು ಅವ್ರುದಲ್ಲ ಕಣಮ್ಮ. ಅವ್ರು ತಾಳ್ದಲ್ಲಿ ಇನ್ನೂ ಒಂದು ಸುತ್ತು ತಡ್ಕಂಡು ಆಮೇಲೆ ಉಸ್ರು ತಗಳೋರು. ಮಿಕ್ಕಿದ್ದೆಲ್ಲಾ ಅವ್ರ ಉಸ್ರೇಯ."

ನಲವತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದವರು. ಅಕ್ಷರ ಬಾರದ ಆಕೆಯನ್ನು ಒಂದು ಮಾತು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ, ಮಗನಿಗೂ ಹೊಳೆದಿರಲಿಲ್ಲ.