ನನ್ನ ಹೆಸರಿನ ಲೈನ್ ಕ್ಲಿಯರ್

ಕರೆಂಟ್ ಕಂಬದ ಅರ್ಧಕ್ಕೆ ಏರಿದ್ದೆ. ಕೆಳಗೆ ತೋಟದ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು, "ಯಾವ ದೇಶ್ದೋಳವ್ವ ನೀನು?" ಎಂದರು. ಹಳಿಯಾಳ ಎಂದೆ. ಅದು ಯಾವ ದೇಶದಲ್ಲಿದೆ ಎಂದು ಮತ್ತೆ ಕೇಳಿದರು. ತುರುವೇಕೆರೆ ತಾಲ್ಲೂಕಿಗೆ ಲೈನ್ ಕೆಲಸಕ್ಕೆ ಬಂದ ಮೊದಲ ವಾರ ಅದು. ನಾವು ಸಿದ್ದಿಗಳು, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು, ಈ ನಾಡಿನವರೇ ಎಂದು ನಮ್ಮೂರಲ್ಲಿ ಯಾರಿಗೂ ಹೇಳಬೇಕಿಲ್ಲ. ಇಲ್ಲಿ ಅದೂ ನನ್ನ ಡ್ಯೂಟಿ.

ಫೋನಿನಲ್ಲಿ ಖಾಲಿಯಿದ್ದ ಬಾಡಿಗೆ ಮನೆಗಳು ನನ್ನ ಮುಖ ಕಂಡ ಕೂಡಲೇ ಭರ್ತಿಯಾದವು. ಕೊನೆಗೆ ಸಿಕ್ಕ ಕೋಣೆಯ ಮೇಲಿನ ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ. ನಮ್ಮ ಚಗಳಿ ಇರುವೆಯ ಚಟ್ನಿಯ ಮಾತೆತ್ತಿದರೆ ಮನೆಯೊಡತಿ ಮೂಗು ಮುರಿಯುತ್ತಾರೆ. ನಾನು ಮುದ್ದೆಯನ್ನು ಅಗಿಯದೆ ನುಂಗಲು ಕಲಿತ ದಿನ ಅವರೇ ಇನ್ನೊಂದು ಮುದ್ದೆ ಬಡಿಸಿದರು.

ಜೊತೆಗಾರ ಬಸವರಾಜಣ್ಣ ಹಿರಿಯ ಲೈನ್‌ಮನ್, ಒಳ್ಳೆಯ ಮನುಷ್ಯ. ತೆಂಗಿನ ಗರಿ ತಂತಿಗೆ ಬೀಳುವುದು ಇಲ್ಲಿ ನಿತ್ಯದ ಪಾಡು. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಕರೆಂಟ್ ತೆಗೆಸಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಯಾರ ಹೆಸರಿಗೆ ಕೊಟ್ಟರೋ ಅವರು ಹೇಳಿದರೆ ಮಾತ್ರ ಮತ್ತೆ ಕರೆಂಟ್. ನನ್ನದನ್ನೂ ಬಸವರಾಜಣ್ಣ ತಮ್ಮ ಹೆಸರಿಗೇ ತೆಗೆದುಕೊಳ್ಳುತ್ತಿದ್ದರು, ಉಪಕಾರವೆಂದು. ತೋಟದವರು ನನ್ನೊಬ್ಬಳ ಗುರುತಿನ ಚೀಟಿ ಕೇಳಿದಾಗಲೂ, ತೋರಿಸಿದರೆ ಏನಾಗುತ್ತದೆ ಎನ್ನುತ್ತಿದ್ದರು ಬಸವರಾಜಣ್ಣ. ಅವರ ಚೀಟಿ ಎಲ್ಲಿದೆಯೆಂದು ಅವರಿಗೇ ನೆನಪಿರಲಿಲ್ಲ.

ಒಂದು ದಿನ ದಬ್ಬೇಘಟ್ಟದ ಹತ್ತಿರ ಅವರ ಕಂಬದ ಕೆಲಸ ಮೊದಲು ಮುಗಿಯಿತು. ನಾನೂ ಇಳಿದಿರಬೇಕೆಂದುಕೊಂಡು, ಕರೆಂಟ್ ಬಿಡಿ ಎನ್ನಲು ಫೋನ್ ಕಿವಿಗಿಟ್ಟರು. ನಾನಿನ್ನೂ ತಂತಿ ಹಿಡಿದಿದ್ದೆ. ನಾನು ಕೂಗಿದ ಕೂಗಿಗೆ ಅವರ ಕೈಯಿಂದ ಫೋನ್ ಬಿತ್ತು. ಇಳಿದು ಬಂದು ಆ ಫೋನನ್ನು ಎತ್ತಿ ಅವರ ಕೈಗಿಟ್ಟೆ. ಇನ್ನು ಮೇಲೆ ನನ್ನ ಜೀವಕ್ಕೆ ನಾನೇ ಫೋನ್ ಮಾಡುತ್ತೇನೆ ಎಂದೆ. ಅವರಿಗೆ ಬೇಸರವಾಯಿತು. ನಮ್ಮಲ್ಲಿ ಹೆಣ್ಣು, ಕಪ್ಪು ಅಂತ ಯಾರು ಭೇದ ಮಾಡಿದ್ದಾರೆ ಎಂದರು.

ಮರುದಿನ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಆಪರೇಟರ್ ನನ್ನನ್ನು ಕರೆಂಟ್ ಹೋದ ಮನೆಯವಳೆಂದುಕೊಂಡ. ಹೆಸರು, ಹುದ್ದೆ ಹೇಳಿದೆ.

"ಓ, ಆ ಕರಿ ಹುಡ್ಗೀನಾ? ಗಂಡಸ್ರು ಯಾರಾರ ಇದ್ರೆ ಕೊಡವ್ವ."

ಅಭ್ಯಾಸಬಲದಿಂದ ಫೋನಿಗೆ ಕೈ ಚಾಚಿದ್ದ ಬಸವರಾಜಣ್ಣ ಕೈ ಹಿಂದಕ್ಕೆಳೆದುಕೊಂಡರು.

"ಕಂಬ ಹತ್ತಾಕಿ ನಾನ್ರೀ," ಎಂದೆ. "ನನ್ನ ಹೆಸರಿಗೇ ಕೊಡ್ರಿ. ಇಲ್ಲಾಂದ್ರ ಕೆಲಸ ಹಿಂಗ ನಿಂತಿರ್ತದ."

ಆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದು. ಆಮೇಲೆ ಆತ ನನ್ನ ಪೂರ್ತಿ ಹೆಸರು ಕೇಳಿ, ಬರೆದುಕೊಂಡು, ಓದಿ ಹೇಳಿದ. ಲೈನ್ ಕ್ಲಿಯರ್ ಸಿಕ್ಕಿತು.

"ನನ್ ಸರ್ವೀಸಲ್ಲಿ ಒಂದಿನಾನೂ ಯಾರೂ ನನ್ನ ಹಿಂಗ್ ಕೇಳಿಲ್ಲ ಕಣವ್ವ," ಎಂದರು ಬಸವರಾಜಣ್ಣ, ಮೆಲ್ಲಗೆ. ನಾನು ಬೀಗುತ್ತಲೇ ಕಂಬ ಹತ್ತಿದೆ, ಸುಳ್ಳೇಕೆ ಹೇಳಲಿ.

ಮೊನ್ನೆ ಊರಿಗೆ ಹೋಗಿದ್ದಾಗ ಮನೆಯ ಫ್ಯೂಸ್ ಹೋಯಿತು. ನಾನು ಎದುರಿಗೇ ಕೂತಿದ್ದರೂ ಅಪ್ಪ ಪಕ್ಕದ ಮನೆಯಾತನನ್ನು ಕರೆಯಲು ಹೊರಟರು. ಅಲ್ಲಿ ನನ್ನ ಮುಖ ಎಲ್ಲರಿಗೂ ಗೊತ್ತು, ಕೆಲಸ ಗೊತ್ತಿಲ್ಲ. ಇಲ್ಲಿ ಕೆಲಸ ಗೊತ್ತಾಗಿದೆ, ಮುಖ ಮಾತ್ರ ಇನ್ನೂ ಪರದೇಶದ್ದು. ಎರಡನ್ನೂ ಒಟ್ಟಿಗೆ ಒಪ್ಪುವ ಊರು ಯಾವುದೋ ತಿಳಿಯದು. ಆದರೆ ಕಂಬದ ಮೇಲಿರುವಷ್ಟು ಹೊತ್ತು, ಇಳಿದೆ ಎಂದು ನಾನು ಬಾಯಿಬಿಟ್ಟು ಹೇಳುವ ತನಕ, ಈ ಊರು ಕತ್ತಲಲ್ಲೇ ಕಾಯುತ್ತದೆ.